ಮುಟ್ಟದೆ ಕೊಟ್ಟ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಹೇಳಿದ ಹಿರಿಯರು ಮನೆ ಮಾರುವವನ ಪಾಡನ್ನು ಏಕೆ ಮರೆತರೋ ತಿಳಿಯದು. ಬಹುಶಃ ಅವರ ಕಾಲದಲ್ಲಿ ಇದ್ದ ಮನೆಯನ್ನು ಮಾರುವುದು ಊರಿಗೆ ಹೇಳಿಕೊಳ್ಳುವ ಸಂಗತಿಯಾಗಿರಲಿಲ್ಲ. ಇಂದಿನ ಬೆಂಗಳೂರಿನಲ್ಲಿ ಆ ಸಂಕೋಚ ಉಳಿದಿಲ್ಲ. ಮಕ್ಕಳು ಪರದೇಶಕ್ಕೆ ಹೋದರೆಂದು, ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪದೆಂದು, ದಟ್ಟಣೆಯ ಸದ್ದು ತಾಳದೆಂದು ಗೃಹಸ್ಥರು ಮನೆ ಮಾರುತ್ತಾರೆ. ಬಾಡಿಗೆಯ ಕಾಟ ತಾಳದ ಇನ್ನೊಬ್ಬ ಗೃಹಸ್ಥರು ಅದನ್ನು ಕೊಳ್ಳುತ್ತಾರೆ.

ಮಾರಾಟದ ಮಾತು ಎಲ್ಲಿ ಬೇಕಾದರೂ ನಡೆದೀತು. ಆದರೆ ಮನೆ ಒಬ್ಬರಿಂದ ಒಬ್ಬರಿಗೆ ದಾಟುವುದು ಬರಿಯ ಮಾತಿನಿಂದಲ್ಲ, ಹಣ ಎಣಿಸಿದ ಮಾತ್ರದಿಂದಲೂ ಅಲ್ಲ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿ ನೋಂದಾಯಿತ ಪತ್ರದ ಮೂಲಕವೇ ಮಾರಾಟವಾಗಬೇಕೆಂದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮು ವಿಧಿಸಿದೆ. ಪತ್ರ ಬರೆದುಕೊಟ್ಟವರು ತಾವಾಗಿಯೋ, ಅಧಿಕೃತ ಪ್ರತಿನಿಧಿಯ ಮೂಲಕವೋ ಉಪನೋಂದಣಾಧಿಕಾರಿಯ ಮುಂದೆ ನಿಂತು ‘ಇದು ನನ್ನ ರುಜು’ ಎಂದು ಒಪ್ಪಬೇಕೆಂಬುದು 1908ರ ನೋಂದಣಿ ಅಧಿನಿಯಮದ ನಿಯಮ. 2001ರ ತಿದ್ದುಪಡಿಯ ಬಳಿಕ ಕೊಡುವವರ, ಕೊಳ್ಳುವವರ ಭಾವಚಿತ್ರಗಳೂ ಬೆರಳಚ್ಚುಗಳೂ ಅದಕ್ಕೆ ಸೇರಿಕೊಂಡವು. ಎದುರಿಗೆ ಬನ್ನಿ, ಮುಖ ತೋರಿಸಿ, ಬೆರಳೊತ್ತಿ ಎಂಬುದು ಕಾನೂನಿನ ಆಜ್ಞೆ.

2020ನೆಯ ಇಸವಿಯಲ್ಲಿ ಇದಕ್ಕೆ ನೇರ ವಿರುದ್ಧವಾದ ಆಜ್ಞೆಯೊಂದು ಹೊರಟಿತು. ಎದುರಿಗೆ ಬರಬೇಡಿ, ಮುಖ ಮುಚ್ಚಿಕೊಳ್ಳಿ, ಕೈ ಮುಟ್ಟಿಸಬೇಡಿ! ಈ ಎರಡು ಆಜ್ಞೆಗಳ ನಡುವೆ ಸಿಕ್ಕಿಬಿದ್ದ ಕುಟುಂಬಗಳು ನಾಡಿನಲ್ಲಿ ಎಷ್ಟೋ. ಅವುಗಳ ಪೈಕಿ ಮಾರತ್ತಹಳ್ಳಿಯ ಎರಡು ಸಂಸಾರಗಳ ಕಥೆ ಕೇಳತಕ್ಕದ್ದಾಗಿದೆ.

ಮಾರತ್ತಹಳ್ಳಿ ಎಂದರೆ ಇಂದಿನವರ ಕಣ್ಣಿಗೆ ಕಟ್ಟುವುದು ಹೊರವರ್ತುಲ ರಸ್ತೆಯ ಮೇಲ್ಸೇತುವೆ, ಗಾಜಿನ ಕಚೇರಿಗಳು, ತರುಣ ತರುಣಿಯರು ತಂಗುವ ‘ಪಿ.ಜಿ.’ ವಸತಿಗೃಹಗಳ ಸಾಲು. ಆದರೆ ಹಳಬರಿಗೆ ಅದು ವಿಮಾನದ ಕಾರ್ಖಾನೆಯ ನೆರೆಯ ಹಳ್ಳಿ. 1961ರಲ್ಲಿ ಮೊದಲ ಬಾರಿಗೆ ಹಾರಿದ ‘ಮಾರುತ್’ ಯುದ್ಧವಿಮಾನದಿಂದಲೇ ಊರಿಗೆ ಆ ಹೆಸರು ಬಂತೆಂದು ಹೇಳುವವರೂ ಅಲ್ಲಿ ಉಂಟು. 2007ರಲ್ಲಿ ಮಹದೇವಪುರ ನಗರಸಭೆಯು ಬೆಂಗಳೂರಿನ ಪಾಲಿಕೆಯೊಡನೆ ಸೇರಿದಾಗ ಈ ಊರೂ ಬೆಂಗಳೂರಾಯಿತು.

ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ವೃದ್ಧರು ಸೇತುವೆಯಿಂದ ಕೂಗಳತೆಯ ದೂರದಲ್ಲಿ ವಾಸಿಸುತ್ತಿದ್ದರು. 1986ರಲ್ಲಿ ಸಾಲಸೋಲ ಮಾಡಿ ಪತ್ನಿಯ ಹೆಸರಿನಲ್ಲಿ ಮೂವತ್ತು–ನಲವತ್ತರ ನಿವೇಶನ ಕೊಂಡು, ವರ್ಷಕ್ಕೊಂದು ಗೋಡೆಯಂತೆ ಮನೆ ಎಬ್ಬಿಸಿದವರು. ಕೆಳಗೆ ತಾವು, ಮೇಲಿನ ಎರಡು ಕೋಣೆಗಳಲ್ಲಿ ಕಂಪ್ಯೂಟರ್ ಉದ್ಯೋಗದ ಹುಡುಗರು. 2018ರಲ್ಲಿ ಆ ಗೃಹಿಣಿ ತೀರಿಕೊಂಡರು. ಒಬ್ಬಳೇ ಮಗಳು ಅಮೆರಿಕೆಯಲ್ಲಿ. ಎಂಟು ಕೋಣೆಗಳ ಮನೆಯಲ್ಲಿ ಒಂದು ಲೋಟ ಕಾಫಿಗಾಗಿ ಒಲೆ ಹಚ್ಚುವ ಬಾಳು ಸಾಕೆನಿಸಿ, ಮೈಸೂರಿನಲ್ಲಿ ತಂಗಿಯ ಮನೆಯ ಪಕ್ಕದ ಪುಟ್ಟ ಮನೆಯೊಂದಕ್ಕೆ ಮುಂಗಡ ಕೊಟ್ಟು ಬಂದರು. ಮಾರತ್ತಹಳ್ಳಿಯ ಮನೆಯ ಹಣ ಬಂದರೆ ಮೈಸೂರಿನದಕ್ಕೆ ಹಣ. ಇದು ತಪ್ಪಿದರೆ ಅದೂ ತಪ್ಪಿತು.

ಕೊಳ್ಳಲು ಬಂದವರು ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದ ತರುಣ ದಂಪತಿಗಳು. ಹಾಸನದ ಕಡೆಯವರು, ಗಂಡಹೆಂಡಿರಿಬ್ಬರಿಗೂ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ, ಕೈಯಲ್ಲಿ ಹತ್ತು ತಿಂಗಳ ಕೂಸು. 2020ರ ಫೆಬ್ರವರಿ ಕೊನೆಯಲ್ಲಿ ಛಾಪಾ ಕಾಗದದ ಮೇಲೆ ಕ್ರಯದ ಕರಾರು ಆಯಿತು. ಬೆಲೆ ಒಂದು ಕೋಟಿ ಇಪ್ಪತ್ತು ಲಕ್ಷ. ಮುಂಗಡ ಹತ್ತು ಲಕ್ಷ. ಮೇ 31ರೊಳಗೆ ಉಳಿದ ಹಣ ಕೊಟ್ಟು ನೋಂದಣಿ ಮಾಡಿಸಿಕೊಳ್ಳದಿದ್ದರೆ ಮುಂಗಡ ಮುಟ್ಟುಗೋಲು ಎಂದೊಂದು ವಾಕ್ಯ. ಮನೆ ತೀರಿಕೊಂಡವರ ಹೆಸರಿನಲ್ಲಿದ್ದುದರಿಂದ, 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ ಗಂಡನಿಗೂ ಮಗಳಿಗೂ ಸಮಪಾಲು. ಇಬ್ಬರೂ ರುಜು ಹಾಕಬೇಕು. ಮಗಳು ಏಪ್ರಿಲ್ ರಜೆಗೆ ಬರುವವಳೇ ಇದ್ದಳು. ಅಡ್ಡಿಯೇನೂ ಕಾಣಲಿಲ್ಲ.

ಮಾರ್ಚ್ ಎರಡನೆಯ ವಾರದಲ್ಲಿ ಬೆಂಗಳೂರಿನಲ್ಲಿ ಮೊದಲ ಕೊರೋನ ರೋಗಿ ಪತ್ತೆಯಾದರು. ಅದೇ ವಾರ ಕಲಬುರಗಿಯಿಂದ ಈ ರೋಗದಿಂದಾದ ದೇಶದ ಮೊದಲ ಸಾವಿನ ವಾರ್ತೆ ಬಂತು. 23ರಿಂದ ಪರದೇಶದ ವಿಮಾನಗಳು ನಿಂತವು. 25ರಿಂದ ದೇಶವೇ ಮನೆಯ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 14ಕ್ಕೆ ಮುಗಿಯಬೇಕಿದ್ದ ಈ ಬಂಧನ ಮೇ 3ಕ್ಕೆ, ಅಲ್ಲಿಂದ 17ಕ್ಕೆ, ಅಲ್ಲಿಂದ 31ಕ್ಕೆ ಮುಂದುವರಿಯಿತು. ಕರಾರಿನ ಕೊನೆಯ ದಿನವೂ ಲಾಕ್‌ಡೌನಿನ ಕೊನೆಯ ದಿನವೂ ಒಂದೇ ಆದದ್ದು ವಿಧಿಯ ವಿನೋದವೆನ್ನಬೇಕು.

ಒಂದು ಮನೆಯ ಮಾರಾಟಕ್ಕೆ ಎಷ್ಟು ಬಾಗಿಲುಗಳು ತೆರೆದಿರಬೇಕೆಂಬುದು ಅವು ಮುಚ್ಚಿದಾಗಲೇ ತಿಳಿಯುವುದು. ನೋಂದಣಿ ಕಚೇರಿ ಮುಚ್ಚಿತ್ತು. ಕೆಲವು ವಾರಗಳ ಬಳಿಕ ಅದು ತೆರೆದರೂ ಮನೆಗೆ ಬೆಲೆ ಕಟ್ಟಲು ಬ್ಯಾಂಕಿನ ಇಂಜಿನಿಯರು ಬರಲೊಲ್ಲರು. ಪತ್ರಗಳನ್ನು ಪರಿಶೀಲಿಸಬೇಕಾದ ವಕೀಲರು ತಮ್ಮ ಊರಿನಲ್ಲಿ ಸಿಕ್ಕಿಕೊಂಡಿದ್ದರು. ತರುಣನ ಕಂಪನಿ ಸಂಬಳದಲ್ಲಿ ಕಾಲುಭಾಗ ಕಡಿತಮಾಡಿತು. ಬ್ಯಾಂಕು ಹೊಸ ಸಂಬಳದ ಚೀಟಿ ಕೇಳಿತು. ಇತ್ತ ವೃದ್ಧರ ಮೇಲಂತಸ್ತಿನ ಹುಡುಗರಲ್ಲಿ ಒಬ್ಬನನ್ನು ಬಿಟ್ಟು ಉಳಿದವರು ಹಾಸಿಗೆ ಸುತ್ತಿ ಊರಿಗೆ ನಡೆದರು; ಬಾಡಿಗೆ ನಿಂತಿತು. ಕಿವಿಗಡಚಿಕ್ಕುವ ಸದ್ದಿನ ಮಾರತ್ತಹಳ್ಳಿಯಲ್ಲಿ ಹಗಲು ಹೊತ್ತಿನಲ್ಲೇ ಕೋಗಿಲೆಯ ದನಿ ಕೇಳಿಸತೊಡಗಿತು. ಬೀದಿಯ ಗೇಟುಗಳ ಮೇಲೆಲ್ಲ ‘ಮನೆ ಬಾಡಿಗೆಗಿದೆ’ ಎಂಬ ಫಲಕಗಳು ನೇತಾಡಿದವು.

ಇಂತಹ ಹೊತ್ತಿನಲ್ಲಿ ಬುದ್ಧಿ ಹೇಳುವವರಿಗೆ ಬರವಿರುವುದಿಲ್ಲ. ವೃದ್ಧರ ಭಾವಮೈದ ಫೋನಿನಲ್ಲಿ ಹೇಳಿದ: “ಭಾವ, ಮೇ 31 ಕಳೆಯಲಿ, ಸುಮ್ಮನಿರಿ. ಕರಾರಿನಲ್ಲಿ ಬರೆದದ್ದೇ ಇದೆಯಲ್ಲ. ಹತ್ತು ಲಕ್ಷ ನಿಮ್ಮದು, ಮನೆಯೂ ನಿಮ್ಮದು.” ಅದೇ ವಾರ ದಲ್ಲಾಳಿ ತರುಣನಿಗೆ ಹೇಳಿದ: “ಸಾರ್, ಈಗ ಯಾರು ಕೊಳ್ತಾರೆ? ಇಪ್ಪತ್ತು ಲಕ್ಷ ಕಡಿಮೆ ಮಾಡಿದರೆ ಸರಿ, ಇಲ್ಲದಿದ್ದರೆ ಬೇಡ ಅನ್ನಿ. ಮುದುಕರು, ಹಣದ ತುರ್ತು ಇದೆ, ಬಗ್ತಾರೆ.” ಇಬ್ಬರೂ ತಮ್ಮವರ ಹಿತವನ್ನೇ ಬಯಸಿ ಆಡಿದ ಮಾತುಗಳು ಅವು. ಇಬ್ಬರಿಗೂ ಆ ರಾತ್ರಿ ನಿದ್ರೆ ಬಾರದ್ದರಲ್ಲಿ ಆಶ್ಚರ್ಯವಿಲ್ಲ.

ಕಾನೂನಾದರೂ ಏನು ಹೇಳುತ್ತದೆ? ಕ್ರಯದ ಕರಾರು ಮಾತ್ರದಿಂದ ಮನೆಯಲ್ಲಿ ಯಾವ ಹಕ್ಕೂ ಹುಟ್ಟದೆಂದು 54ನೆಯ ಕಲಮು ಸ್ಪಷ್ಟವಾಗಿ ನುಡಿದಿದೆ. ಅದು ಮುಂದೆ ಮನೆಯನ್ನು ಕೊಡುವೆನೆಂಬ ವಚನ ಮಾತ್ರ. ಆದರೆ ವಚನಕ್ಕೂ ಬೆಲೆಯುಂಟು. ಅದನ್ನು ನಡೆಸಿಕೊಡಬೇಕೆಂದು ನ್ಯಾಯಾಲಯಕ್ಕೆ ಹೋಗಬಹುದು. ಸ್ಥಿರಾಸ್ತಿಯ ಮಾರಾಟದಲ್ಲಿ ಗೊತ್ತುಮಾಡಿದ ದಿನವೇ ಕರಾರಿನ ಜೀವಾಳವೆಂದು ಸಾಮಾನ್ಯವಾಗಿ ಭಾವಿಸತಕ್ಕದ್ದಲ್ಲವೆಂಬುದು ಸರ್ವೋಚ್ಚ ನ್ಯಾಯಾಲಯದ ನಿಲುವು. ಪಕ್ಷಗಾರರು ಹಾಗೆಂದೇ ಬರೆದುಕೊಂಡಿದ್ದರೆ ಮಾತು ಬೇರೆ. ಎಂದರೆ ಮೇ 31 ಕಳೆದೊಡನೆ ಹತ್ತು ಲಕ್ಷ ವೃದ್ಧರ ಮಡಿಲಿಗೆ ಬೀಳುತ್ತಿತ್ತೆಂದೂ ಹೇಳುವಂತಿಲ್ಲ, ಬೀಳುತ್ತಿರಲಿಲ್ಲವೆಂದೂ ಹೇಳುವಂತಿಲ್ಲ. ಬೀಳುತ್ತಿದ್ದುದು ಒಂದೇ: ವರ್ಷಗಟ್ಟಲೆ ಎಳೆಯುವ ದಾವೆ. ಅಷ್ಟರಲ್ಲಿ ಮೈಸೂರಿನ ಮನೆ ಕೈಬಿಟ್ಟಿರುತ್ತಿತ್ತು. ತರುಣನ ಉಳಿತಾಯ ಕರಗಿರುತ್ತಿತ್ತು.

ಮೊದಲು ಮಾತೆತ್ತಿದವಳು ತರುಣನ ಹೆಂಡತಿ. ಮೇ ಮೂರನೆಯ ವಾರದ ಒಂದು ಸಂಜೆ ಕೂಸನ್ನೆತ್ತಿಕೊಂಡು ಗಂಡನೊಡನೆ ಗೇಟಿನ ಹೊರಗೆ ನಿಂತಳು. ವೃದ್ಧರು ಒಳಗೆ ತುಳಸಿಕಟ್ಟೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಡುವೆ ಎರಡು ಮಾರು ದೂರ.

“ಸಾರ್, ನಿಮಗೆ ಒಂದು ನಿಜ ಹೇಳಿಬಿಡಬೇಕು,” ಎಂದಳಾಕೆ. “31ಕ್ಕೆ ನಮ್ಮಿಂದ ಆಗುವುದಿಲ್ಲ. ಬ್ಯಾಂಕಿನವರು ಜುಲೈ ಅಂತಾರೆ. ಮನೆ ಬೇಡ ಅಂತಲ್ಲ. ನೀವು ಬೇರೆ ಯಾರಿಗಾದರೂ ಕೊಡ್ತೀರಾ ಅನ್ನೋ ಹೆದರಿಕೆ.”

ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನೀನು ನಿಜ ಹೇಳಿದ ಮೇಲೆ ನಾನೂ ಹೇಳಬೇಕಲ್ಲಮ್ಮ,” ಎಂದರು. “31 ಕಳೆಯಲಿ ಅಂತ ನಾನೂ ಎರಡು ದಿನ ಯೋಚನೆ ಮಾಡಿದೆ. ಮೈಸೂರಿನವರು ನನ್ನನ್ನು ಕಾಯುವುದಿಲ್ಲ. ಅಲ್ಲಿ ನನ್ನ ಮುಂಗಡ ಹೋಗುತ್ತೆ.”

“ನಮ್ಮಿಂದ ಈಗ ಐದು ಲಕ್ಷ ಆಗುತ್ತೆ, ಸಾರ್,” ಎಂದ ತರುಣ. “ಮೈಸೂರಿನವರಿಗೆ ಕೊಟ್ಟು ಗಡುವು ಮುಂದೂಡಿಸಿಕೊಳ್ಳಿ. ಬೆಲೆ ಇಳಿಸಿ ಅಂತ ನಾನು ಕೇಳೋದಿಲ್ಲ.”

“ಹಾಗಾದರೆ ಮುಟ್ಟುಗೋಲಿನ ಮಾತೂ ಬೇಡ,” ಎಂದರು ವೃದ್ಧರು. “ಆದರೆ ಇದನ್ನೆಲ್ಲ ಕಾಗದದ ಮೇಲೆ ಬರೆಯೋಣಪ್ಪ. ನನಗೆ ಅರವತ್ತೆಂಟು. ನಾಳೆ ನನಗೇ ಏನಾದರೂ ಆದರೆ, ಈ ಗೇಟಿನ ಬಳಿ ಆಡಿದ ಮಾತು ನನ್ನ ಮಗಳಿಗೆ ಹೇಗೆ ಗೊತ್ತಾಗಬೇಕು?”

ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ಸಜ್ಜನರ ನಡುವೆ ಕಾಗದವೇತಕ್ಕೆ ಎನ್ನುವ ಔದಾರ್ಯ ನಮ್ಮ ಜನರಲ್ಲಿ ಧಾರಾಳವಾಗಿದೆ. ಕಾಗದ ಕೇಳಿದರೆ ನಂಬಿಕೆ ಇಲ್ಲವೆಂದು ಮುನಿಯುವವರೂ ಉಂಟು. ಆ ವೃದ್ಧರು ಕಾಗದ ಕೇಳಿದ್ದು ಎದುರಿಗಿದ್ದವರನ್ನು ನಂಬದೆ ಅಲ್ಲ. ತಮ್ಮ ಆಯುಷ್ಯವನ್ನು ನಂಬದೆ. ಸಾವು ಬೀದಿ ಬೀದಿ ಅಲೆಯುತ್ತಿದ್ದ ಆ ದಿನಗಳಲ್ಲಿ ಅದಕ್ಕಿಂತ ವಿವೇಕದ ಮಾತು ಬೇರೊಂದಿರಲಿಲ್ಲ.

ವಕೀಲರು ಫೋನಿನಲ್ಲೇ ಹೇಳಿ ಬರೆಯಿಸಿದ ಪೂರಕ ಕರಾರು ಒಂದೂವರೆ ಪುಟದ್ದು. ಅವಧಿ ನವೆಂಬರ್ 30ರವರೆಗೆ ಮುಂದಕ್ಕೆ, ಮುಂಗಡಕ್ಕೆ ಐದು ಲಕ್ಷ ಸೇರ್ಪಡೆ, ಬೆಲೆಯಲ್ಲಿ ಬದಲಿಲ್ಲ, ಸರ್ಕಾರದ ನಿರ್ಬಂಧದಿಂದ ಕಚೇರಿ ಮುಚ್ಚಿದ ದಿನಗಳು ಅವಧಿಗೆ ಸೇರತಕ್ಕದ್ದಲ್ಲ, ಇಬ್ಬರಲ್ಲಿ ಯಾರು ತೀರಿಕೊಂಡರೂ ವಾರಸುದಾರರು ಬದ್ಧರು. ಕಾಗದ ಗೇಟಿನ ಕಂಬದ ಮೇಲೆ ಕುಳಿತು, ಒಂದು ಕಡೆಯಿಂದ ರುಜು ಪಡೆದು, ಇನ್ನೊಂದು ಕಡೆಗೆ ಹೋಯಿತು. ಮಗಳು ಅಲ್ಲಿಂದಲೇ ಓದಿ ಇ-ಮೈಲಿನಲ್ಲಿ ಒಪ್ಪಿಗೆ ಬರೆದಳು.

ಉಳಿದದ್ದು ಆ ಮಗಳ ರುಜು. ಆಕೆ ಬರುವಂತಿರಲಿಲ್ಲ; ನಿಯತ ಅಂತರರಾಷ್ಟ್ರೀಯ ವಿಮಾನಸಂಚಾರ ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು! ಆದರೆ ಬಾರದವರಿಗೂ ನೋಂದಣಿ ಅಧಿನಿಯಮದ 33ನೆಯ ಕಲಮು ಒಂದು ದಾರಿ ತೆರೆದಿಟ್ಟಿದೆ. ಪರದೇಶದಲ್ಲಿ ನೆಲೆಸಿದವರು ಅಲ್ಲಿನ ನೋಟರಿಯ ಅಥವಾ ಭಾರತದ ಕಾನ್ಸಲರ ಮುಂದೆ ಅಧಿಕಾರಪತ್ರ ಬರೆದು ದೃಢೀಕರಿಸಿ ಕಳುಹಿಸಬಹುದು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಮನೆಯನ್ನು, ಈ ಬೆಲೆಗೆ, ಇಂಥವರಿಗೆ ಮಾರಲು ಮಾತ್ರ ಎಂದು ಬಿಗಿಯಾಗಿ ಬರೆದ ವಿಶೇಷ ಅಧಿಕಾರಪತ್ರವನ್ನು ಮಗಳು ತಂದೆಯ ಹೆಸರಿಗೆ ಕಳುಹಿಸಿದಳು. ಅಲ್ಲಿಯೂ ಕಚೇರಿಗಳು ಅರೆಬಾಗಿಲು ತೆರೆದಿದ್ದ ಕಾಲ. ಲಕೋಟೆ ಮಾರತ್ತಹಳ್ಳಿ ಮುಟ್ಟುವಾಗ ಜುಲೈ ಅರ್ಧ ಕಳೆದಿತ್ತು. ಆ ವೇಳೆಗೆ, ಜುಲೈ 14ರ ರಾತ್ರಿಯಿಂದ 22ರ ಬೆಳಗಿನವರೆಗೆ, ಬೆಂಗಳೂರಿಗೆ ಮತ್ತೊಮ್ಮೆ ಬೀಗ ಬಿದ್ದಿತ್ತು. ಆದರೆ ಈ ಸಲ ಎರಡೂ ಮನೆಗಳಲ್ಲಿ ನಿದ್ರೆ ಕೆಡಲಿಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದೂವರೆ ಪುಟದ ಕಾಗದವಿತ್ತು.

ಅತ್ತ ಕಾಲವೂ ತರುಣನಿಗೆ ಸ್ವಲ್ಪ ಒಲಿಯಿತು. ರಿಸರ್ವ್ ಬ್ಯಾಂಕು 2020ರ ಮೇ 22ರಂದು ರೆಪೋ ದರವನ್ನು ಶೇಕಡಾ 4ಕ್ಕೆ ಇಳಿಸಿದುದರಿಂದ ಗೃಹಸಾಲದ ಬಡ್ಡಿ ತಗ್ಗಿತು. ಕಡಿತವಾದ ಸಂಬಳದಲ್ಲೂ ಕಂತು ಹೊಂದಿಸಬಹುದೆಂದು ಬ್ಯಾಂಕು ಒಪ್ಪಿತು. ಬೆಲೆ ಇಳಿಸದೆ ಕೊಂಡದ್ದಕ್ಕೆ ದಲ್ಲಾಳಿ ಅವನನ್ನು ಹೆಡ್ಡನೆಂದು ಕರೆದಿರಬಹುದು. ಆದರೆ ಮುಂದಿನ ವರ್ಷಗಳಲ್ಲಿ ಆ ಕಡೆಯ ಮನೆಗಳ ಬೆಲೆ ಏರಿದ್ದನ್ನು ಕಂಡವರು ಹಾಗೆನ್ನಲಾರರು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ನೋಂದಣಿ ಗೊತ್ತಾಯಿತು. 65 ದಾಟಿದವರು ಮನೆಯಲ್ಲೇ ಇರತಕ್ಕದ್ದೆಂದು ಸರ್ಕಾರ ಸಲಹೆ ಮಾಡಿದ್ದ ಕಾಲ. ವಿಶೇಷ ಕಾರಣವಿದ್ದರೆ ಅಧಿಕಾರಿಯೇ ಮನೆಗೆ ಬಂದು ನೋಂದಾಯಿಸಲು 31ನೆಯ ಕಲಮಿನಲ್ಲಿ ಅವಕಾಶವಿದೆ. ದೇಹಾಲಸ್ಯದಿಂದ ಹೋಗಲಾರದವರಿಗೆ 38ನೆಯ ಕಲಮೂ ಇದೆ. ವಕೀಲರು ಇದನ್ನು ತಿಳಿಸಿದಾಗ ವೃದ್ಧರು ತಲೆಯಾಡಿಸಿ, “ನಾನು ನಡೆಯಬಲ್ಲೆ. ಆ ಅಧಿಕಾರಿಯ ಮನೆಯಲ್ಲೂ ಮುದುಕರು, ಮಕ್ಕಳು ಇರುತ್ತಾರೆ,” ಎಂದರಂತೆ.

ಸಾಕ್ಷಿಗಳಾಗಿ ಬರಲು ನೆರೆಹೊರೆಯವರು ಅಳುಕಿದರು; ಅವರನ್ನು ದೂರುವಂತಿಲ್ಲ. ಕೊನೆಗೆ ಬಂದವರು ಮೂಲೆಯ ದಿನಸಿ ಅಂಗಡಿಯಾತ ಮತ್ತು ಮೇಲಂತಸ್ತಿನಲ್ಲಿ ಉಳಿದಿದ್ದ ಒಬ್ಬನೇ ಹುಡುಗ. ಕಚೇರಿಯ ಹೊರಗೆ ಬಿಳಿಯ ಸುಣ್ಣದ ವೃತ್ತಗಳಲ್ಲಿ ಜನ ನಿಂತಿದ್ದರು. ಹೆಸರು ಕೂಗಿದವರಷ್ಟೇ ಒಳಗೆ. ಶೇಕಡಾ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ಶೇಕಡಾ 5.6, ನೋಂದಣಿ ಶುಲ್ಕ ಶೇಕಡಾ 1, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಒಟ್ಟು ಏಳು ಲಕ್ಷ ತೊಂಬತ್ತೆರಡು ಸಾವಿರ ರೂಪಾಯಿ. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 2 ಆಗಿದೆ.) ಭಾವಚಿತ್ರಕ್ಕಾಗಿ ಒಬ್ಬೊಬ್ಬರೇ ಮುಖವಸ್ತ್ರ ಸರಿಸಿದರು. ತಿಂಗಳುಗಟ್ಟಲೆ ಗೇಟಿನ ಬಳಿ ಮಾತನಾಡಿದ ಮುಖಗಳನ್ನು ಅವರು ಸರಿಯಾಗಿ ಕಂಡದ್ದು ಆ ಕ್ಷಣದಲ್ಲೇ. ಬೆರಳಚ್ಚಿನ ಗಾಜನ್ನು ಒರೆಸಿ, ವೃದ್ಧರು ತಮಗಾಗಿ ಒಮ್ಮೆ, ಮಗಳ ಪರವಾಗಿ ಒಮ್ಮೆ ಹೆಬ್ಬೆರಳು ಒತ್ತಿದರು. ಕಾರ್ಖಾನೆಯಲ್ಲಿ ಸವೆದ ಬೆರಳು. ಯಂತ್ರ ಎರಡು ಸಲ ಒಲ್ಲೆನೆಂದಿತು, ಮೂರನೆಯ ಸಲ ಒಪ್ಪಿತು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಆ ವರ್ಷ ಮಾತಿನ ಮೇಲೆಯೇ ಗಡುವು ಮುಂದೂಡಿಕೊಂಡು ಬಳಿಕ ಒಬ್ಬರನ್ನೊಬ್ಬರು ದೂರಿಕೊಂಡವರುಂಟು. ಕಚೇರಿಗೆ ಹೋಗುವ ಗೊಡವೆಯೇ ಬೇಡವೆಂದು ‘ಜಿ.ಪಿ.ಎ.’ ಬರೆಸಿಕೊಂಡು ಪೂರ್ತಿ ಹಣ ಎಣಿಸಿದವರೂ ಉಂಟು. ಅಂತಹ ಅಧಿಕಾರಪತ್ರದಿಂದ ಒಡೆತನ ದಾಟುವುದಿಲ್ಲವೆಂದು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ತೀರ್ಪಿತ್ತಿದೆ. ಮಗಳು ತಂದೆಗೆ ಕೊಟ್ಟ ಅಧಿಕಾರಪತ್ರ ಬೇರೆ. ಕೊಳ್ಳುವವನಿಗೇ ಕ್ರಯಪತ್ರದ ಬದಲಾಗಿ ಕೊಡುವ ಅಧಿಕಾರಪತ್ರ ಬೇರೆ. ಮೊದಲನೆಯದು ದೂರವಿದ್ದವರ ಕೈ; ಎರಡನೆಯದರಿಂದ ಕೊಂಡವನಿಗೆ ಮನೆಯ ಹಕ್ಕು ಬಾರದು. ಇನ್ನೊಂದು ಮಾತು: ರುಜು ಹಾಕಿದ ಕ್ರಯಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಒಪ್ಪಿಸಬೇಕು. ಅನಿವಾರ್ಯ ಕಾರಣವಿದ್ದರೆ ದಂಡ ತೆತ್ತು ಇನ್ನು ನಾಲ್ಕು ತಿಂಗಳು. ಅದಕ್ಕೂ ಮೀರಿದರೆ ಹೊಸದಾಗಿ ಬರೆಯಬೇಕು. ಆದುದರಿಂದ ಕಚೇರಿಯ ದಿನ ಗೊತ್ತಾಗುವ ಮೊದಲೇ ಕ್ರಯಪತ್ರಕ್ಕೆ ರುಜು ಹಾಕುವ ಅವಸರ ಒಳ್ಳೆಯದಲ್ಲ.

ರೋಗಕ್ಕೂ ಬೆಂಗಳೂರಿನ ಮನೆಗಳಿಗೂ ನಂಟು ಹೊಸತೇನಲ್ಲ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಜನ ಮನೆಗಳಿಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಓಡಿದರು. ಗಾಳಿ ಬೆಳಕಿನ ಅಗಲ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ತುಂಬಿದ್ದು ಆ ಕಾಲದ ಭಯದಿಂದ. ಅಂದಿನ ರೋಗ ಜನರನ್ನು ಮನೆಯಿಂದ ಹೊರಗಟ್ಟಿತು. 2020ರ ರೋಗ ಒಳಗೆ ಕೂಡಿಹಾಕಿತು. 2023ರಲ್ಲಿ ಬಂದ ‘ಕಾವೇರಿ 2.0’ ವ್ಯವಸ್ಥೆಯಿಂದ ಇಂದು ಪತ್ರವನ್ನು ಮನೆಯಿಂದಲೇ ಕಳುಹಿಸಿ, ಪರಿಶೀಲನೆಯಾದ ಮೇಲೆ ಶುಲ್ಕ ಕಟ್ಟಿ, ವೇಳೆ ಗೊತ್ತುಮಾಡಿಕೊಂಡು ಹೋಗಬಹುದು. ಆದರೂ ಕ್ರಯಪತ್ರಕ್ಕೆ ಮುಖ ತೋರಿ ಬೆರಳೊತ್ತಲು ಹೋಗಲೇಬೇಕು. ಮತ್ತೊಂದು ವ್ಯಾಧಿ ಎಂದು ಬಂದೀತೋ ಬಲ್ಲವರಿಲ್ಲ. ಮನೆ ಕೊಳ್ಳುವವರೂ ಮಾರುವವರೂ ಕಚೇರಿ ಮುಚ್ಚಿದರೆ ಏನು, ಒಬ್ಬರು ಹಾಸಿಗೆ ಹಿಡಿದರೆ ಏನು, ಬರಬೇಕಾದವರು ಬಾರದಿದ್ದರೆ ಏನು ಎಂಬ ಮೂರು ಪ್ರಶ್ನೆಗಳಿಗೆ ಕರಾರಿನಲ್ಲೇ ಉತ್ತರ ಬರೆಯಿಸಿಕೊಳ್ಳುವುದು ಕ್ಷೇಮ. ಸ್ನೇಹದಲ್ಲಿರುವಾಗಲೇ ಅದನ್ನು ಬರೆಯಬೇಕು. ಮುನಿಸು ಬಂದ ಮೇಲೆ ಬರೆಯುವ ಕೈ ಬೇರೆ.

ನೋಂದಣಿಯಾದ ಮರುದಿನ ವೃದ್ಧರು ಮೈಸೂರಿಗೆ ಹೊರಟರು. ಸಾಮಾನಿನ ಲಾರಿ ಮುಂದೆ ಹೋಗಿತ್ತು. ಬೀಗದ ಕೈಗಳ ಗೊಂಚಲನ್ನು ತರುಣ ದಂಪತಿಗಳ ಕೈಗೆ ಕೊಡುವಂತಿರಲಿಲ್ಲ; ಗೇಟಿನ ಕಂಬದ ಮೇಲೆ, ಹಿಂದೆ ಕಾಗದ ಕುಳಿತಿದ್ದ ಜಾಗದಲ್ಲೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

“ತುಳಸಿಗೆ ಬೆಳಿಗ್ಗೆ ಒಂದು ಚೆಂಬು ನೀರು ಸಾಕಮ್ಮ,” ಎಂದರು. “ಅದು ಅವಳು ನೆಟ್ಟದ್ದು.”

ತರುಣನ ಹೆಂಡತಿ ಕೈಗಳನ್ನು ತೆಗೆದುಕೊಳ್ಳಲಿಲ್ಲ. ಮೊದಲು ದೂರದಿಂದಲೇ ಬಾಗಿ ನಮಸ್ಕರಿಸಿದಳು. ಕೂಸು ಮಾತ್ರ ಯಾವ ಆಜ್ಞೆಯನ್ನೂ ಅರಿಯದೆ, ತಾಯಿಯ ಕಂಕುಳಿನಿಂದ ವೃದ್ಧರ ಕಡೆಗೆ ಎರಡೂ ಕೈ ಚಾಚಿತು.